ಸೀಬೆ ಎಲೆಯ ಓಲೆ

ನನ್ನ ಕಿವಿಯೋಲೆ ನೋಡಿದವರು ‘ಇದು ನಿಜವಾದ ಎಲೆನಾ?’ ಅಂತ ಮುಟ್ಟಿ ನೋಡ್ತಾರೆ. ಅಲ್ಲ, ಪಾಲಿಮರ್ ಕ್ಲೇ. ಗೆರೆಗಳು ಮಾತ್ರ ನಿಜವಾದ ಎಲೆಯವೇ.

ಡಿಗ್ರಿ ಎರಡನೇ ವರ್ಷದಲ್ಲಿ ಈ ಹುಚ್ಚು ಹತ್ತಿತು. ಹೆಸರು ಕ್ಲೇ ಅಂತಿದ್ದರೂ ಇದು ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್. ಚಪಾತಿಯಂತೆ ಲಟ್ಟಿಸಿ, ಎಲೆ ಒತ್ತಿ, ಕತ್ತರಿಸಿ, ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಕೇಳೋಕೆ ಸುಲಭ. ಮೊದಲು ದೊಡ್ಡಪತ್ರೆ ಒತ್ತಿದೆ. ರಸ ಬಂತೇ ಹೊರತು ಗೆರೆ ಬರಲಿಲ್ಲ. ಅರಳಿ ಎಲೆ ಚೆಂದವೇ, ಆದರೆ ಹತ್ತು ರೂಪಾಯಿ ನಾಣ್ಯದಷ್ಟಿನ ಓಲೆಯಲ್ಲಿ ಅದರ ಒಂದು ಮೂಲೆಯಷ್ಟೇ ಕಾಣೋದು. ಕೊನೆಗೆ ಗೆದ್ದಿದ್ದು ನಮ್ಮ ಮನೆ ಮುಂದಿನ ಸೀಬೆಮರ. ಸೀಬೆ ಎಲೆಯ ಬೆನ್ನು ಸವರಿ ನೋಡಿ, ನರಗಳೆಲ್ಲ ಬೆರಳಿಗೆ ಸಿಗುತ್ತವೆ. ಆ ಬೆನ್ನನ್ನೇ ಕ್ಲೇ ಕಡೆ ಮಾಡಿ ಒತ್ತಬೇಕು. ಅಂಟದಿರಲು ಚಿಟಿಕೆ ಕಾರ್ನ್‌ಫ್ಲೋರ್. ಬೆಂದು ಆರಿದ ಮೇಲೆ ಕಂದು ಅಕ್ರಿಲಿಕ್ ಬಣ್ಣ ಬಳಿದು ತಕ್ಷಣ ಒರೆಸಿದರೆ ಗೆರೆಯೊಳಗಷ್ಟೇ ಬಣ್ಣ ಉಳಿಯುತ್ತದೆ.

ಅಷ್ಟರಲ್ಲಿ ಅಪ್ಪ ಕಾರು ಬುಕ್ ಮಾಡಿದರು. ನಿಲ್ಲಿಸೋಕೆ ಮರ ಅಡ್ಡ. ‘ಓಲೆ ಮಾಡೋಕೆ ಮರ ಉಳಿಸ್ಬೇಕಾ ಪುಟ್ಟಿ?’ ಅಂತ ನಕ್ಕರು. ಅಮ್ಮ ನಗಲಿಲ್ಲ. ನಾನು ಹುಟ್ಟಿದ ವರ್ಷ ಅವಳು ನೆಟ್ಟ ಗಿಡ ಅದು.

ಕಡಿಯುವವರು ಬರುವ ಹಿಂದಿನ ರಾತ್ರಿ ಕೂತು 12 ಜೊತೆ ಓಲೆಗೆ ಎಲೆ ಒತ್ತಿದೆ. ನನ್ನ ಕ್ಲೇಗೆ ಬೇಕಾದದ್ದು 130 ಡಿಗ್ರಿ, ಅರ್ಧ ಗಂಟೆ. ನಿದ್ದೆಗಣ್ಣಲ್ಲಿ ಗುಂಡಿಯನ್ನು 180ಕ್ಕೆ ತಿರುಗಿಸಿಬಿಟ್ಟೆ. ಪಿವಿಸಿ ಸುಟ್ಟ ಹೊಗೆ ವಿಷ. ಅಮ್ಮ ಓಡಿ ಬಂದು ಕಿಟಕಿಗಳನ್ನೆಲ್ಲ ತೆಗೆದು, ‘ಕೇಕ್ ಮಾಡೋ ಓವನ್ ಕಣೇ ಇದು!’ ಅಂತ ಕೂಗಾಡಿದಳು. (ಈಗ ಕ್ಲೇಗೆಂದೇ ಒಂದು ಹಳೇ ಪುಟ್ಟ ಓವನ್ ಹಿತ್ತಿಲಲ್ಲಿದೆ. ನೀವೂ ಅಡುಗೆಯದ್ದು ಮುಟ್ಟಬೇಡಿ.) 12 ಜೊತೆಯೂ ಕರಕಲು. ಬೆಳಿಗ್ಗೆ ಮರವೂ ಹೋಯಿತು.

ಒಂದು ವಾರ ಕ್ಲೇ ಡಬ್ಬಿ ತೆಗೆಯಲಿಲ್ಲ. ತೆಗೆದಾಗ ತಳದಲ್ಲಿ ಒಂದು ಬಿಲ್ಲೆ ಸಿಕ್ಕಿತು. ಹಿಂದೆಂದೋ ಸೀಬೆ ಎಲೆ ಒತ್ತಿ ಬೇಯಿಸಿ, ಓಲೆಗೆ ದಪ್ಪವಾಯಿತೆಂದು ಬದಿಗಿಟ್ಟಿದ್ದು. ಕಾರ್ನ್‌ಫ್ಲೋರ್ ಸವರಿ ಸುಮ್ಮನೆ ಅದರ ಮೇಲೆ ಹಸಿ ಕ್ಲೇ ಒತ್ತಿದೆ. ಎತ್ತಿ ನೋಡಿದರೆ ಈ ಸಲ ಗೆರೆಗಳು ತಗ್ಗಾಗಿರಲಿಲ್ಲ, ಉಬ್ಬಿದ್ದವು. ಬೆರಳಾಡಿಸಿದರೆ ಥೇಟ್ ಎಲೆಯ ಬೆನ್ನು.

ಆ ಅಚ್ಚಿನಿಂದ ಮೊದಲ ಜೊತೆ ಅಮ್ಮನಿಗಾಯಿತು. ಮೊನ್ನೆ ಅಪ್ಪ ಪೇಪರ್‌ನಿಂದ ತಲೆ ಎತ್ತದೆ, ‘ಕಾರಿನ ಕೀಗೆ ಒಂದು ಮಾಡ್ಕೊಡ್ತೀಯಾ?’ ಎಂದರು. ಮಾಡಿಕೊಟ್ಟೆ. ಸಿಗ್ನಲ್‌ನಲ್ಲಿ ಕಾರು ನಿಂತಾಗೆಲ್ಲ ಅವರ ಹೆಬ್ಬೆರಳು ಅದರ ಗೆರೆಗಳ ಮೇಲೆ ಓಡಾಡುತ್ತಿರುತ್ತದೆ.