ಮೊಳಕೆಯಲ್ಲೇ ಸಿರಿ ಅಳೆಯುವವರು

ಕಾಶಿ ಎಂದ ಕೂಡಲೇ ನಮಗೆ ನೆನಪಾಗುವುದು ವಿಶ್ವನಾಥ, ಗಂಗೆ, ಜಂಗಮವಾಡಿ ಮಠ, ಮನೆಯ ಹೆಂಗಸರಿಗೆ ಬನಾರಸ್ ಸೀರೆ. ಬೇಸ್‌ಬಾಲ್ ಅಂತೂ ಖಂಡಿತ ನೆನಪಾಗುವುದಿಲ್ಲ. ಆದರೆ ಅಮೆರಿಕದ ಬೇಸ್‌ಬಾಲ್ ತಂಡವೊಂದಕ್ಕೆ ಸಹಿ ಹಾಕಿದ ಮೊದಲ ಇಬ್ಬರು ಭಾರತೀಯರು ಆ ಸೀಮೆಯವರೇ. ದಿನೇಶ್ ಪಟೇಲ್ ವಾರಾಣಸಿಯ ಹುಡುಗ. ರಿಂಕು ಸಿಂಗ್ ಪಕ್ಕದ ಭದೋಹಿಯವನು. ರತ್ನಗಂಬಳಿಗೆ ಹೆಸರಾದ ಆ ಭದೋಹಿ 1994ರವರೆಗೆ ವಾರಾಣಸಿ ಜಿಲ್ಲೆಯಲ್ಲೇ ಇತ್ತು. (ಐಪಿಎಲ್‌ನಲ್ಲಿ ಸಿಕ್ಸರ್ ಹೊಡೆಯುವ ರಿಂಕು ಸಿಂಗ್ ಬೇರೆ, ಆತ ಅಲಿಗಢದವನು. ಫೋನ್ ಮಾಡುವ ಮುನ್ನ ಇದೊಂದು ಗಮನದಲ್ಲಿರಲಿ!)

ಇವರ ಕಥೆಯನ್ನು ಡಿಸ್ನಿಯವರು 2014ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸಿನಿಮಾ ಮಾಡಿದರು. ಸಂಗೀತ ಎ.ಆರ್. ರೆಹಮಾನ್ ಅವರದು. ನೋಡಿದವರಿಗೆ ಕಥೆ ಗೊತ್ತು. ಜೆ.ಬಿ. ಬರ್ನ್‌ಸ್ಟೈನ್ ಎಂಬ ಅಮೆರಿಕದ ಏಜೆಂಟ್ ಭಾರತಕ್ಕೆ ಬಂದು, ವೇಗವಾಗಿ, ಗುರಿ ತಪ್ಪದೆ ಚೆಂಡು ಎಸೆಯುವವರಿಗಾಗಿ ಟಿವಿ ಸ್ಪರ್ಧೆ ಏರ್ಪಡಿಸಿದ. ಸಾವಿರಾರು ಹುಡುಗರು ಎಸೆದರು. 2008ರಲ್ಲಿ ರಿಂಕು ಗಂಟೆಗೆ 87 ಮೈಲಿ, ಅಂದರೆ 140 ಕಿಲೋಮೀಟರ್ ವೇಗದಲ್ಲಿ ಎಸೆದು ಒಂದು ಲಕ್ಷ ಡಾಲರ್ ಗೆದ್ದ. ಇಬ್ಬರೂ ಲಕ್ನೋದ ಗುರು ಗೋಬಿಂದ್ ಸಿಂಗ್ ಕ್ರೀಡಾ ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲ್ ಚೆಂಡನ್ನು ಅದುವರೆಗೆ ಕೈಯಲ್ಲಿ ಹಿಡಿದವರಲ್ಲ. ಲಾಸ್ ಏಂಜಲಿಸ್‌ನಲ್ಲಿ ಟಾಮ್ ಹೌಸ್ ಎಂಬ ಕೋಚ್ ಕೈಯಲ್ಲಿ ಕೆಲವು ತಿಂಗಳು ಪಳಗಿದರು. ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಂದಲೂ ಸಹಿ ಹಾಕಿಸಿಕೊಂಡಿತು. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ನಮ್ಮ ಇವತ್ತಿನ ವಿಷಯ ಶುರುವಾಗುವುದು ಅಲ್ಲಿಂದ.

ಸಹಿ ಹಾಕಿದ ಹುಡುಗ ನೇರವಾಗಿ ದೊಡ್ಡ ತಂಡಕ್ಕೆ ಹೋಗುವುದಿಲ್ಲ. ಪ್ರತಿ ದೊಡ್ಡ ತಂಡದ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ಮೈನರ್ ಲೀಗ್ ತಂಡಗಳಿರುತ್ತವೆ. ತಳದಲ್ಲಿ ರೂಕಿ ಲೀಗ್, ಆಮೇಲೆ ‘ಎ’ ದರ್ಜೆಯ ಮೆಟ್ಟಿಲುಗಳು, ಮೇಲೆ ಡಬಲ್ ಎ, ಟ್ರಿಪಲ್ ಎ. ನಮ್ಮಲ್ಲಿ ಡಿವಿಷನ್ ಲೀಗ್‌ನಿಂದ ರಣಜಿಗೆ ಹತ್ತುವ ಹಾಗೆ ಅನ್ನಿ. ವ್ಯತ್ಯಾಸ ಏನೆಂದರೆ ಇಲ್ಲಿ ಎಲ್ಲ ಮೆಟ್ಟಿಲೂ ಒಬ್ಬನೇ ಯಜಮಾನನ ಕೈಯಲ್ಲಿ. ಈ ಹುಡುಗರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ ಪಟ್ಟಿ ಮಾಡುವುದೇ ಅಲ್ಲೊಂದು ಕಸುಬು. ‘ಬೇಸ್‌ಬಾಲ್ ಅಮೆರಿಕ’ ಎಂಬ ಪತ್ರಿಕೆಯಂತೂ ವರ್ಷಕ್ಕೊಮ್ಮೆ ಪ್ರತಿ ತಂಡದ ಮೂವತ್ತು ಭರವಸೆಯ ಆಟಗಾರರ ಪಟ್ಟಿಯನ್ನು ದಪ್ಪ ಪುಸ್ತಕವಾಗಿಯೇ ತರುತ್ತದೆ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುತ್ತೇವಲ್ಲ, ಆ ಮೊಳಕೆಗೆ ಇವರು ಅಂಕ ಹಾಕುತ್ತಾರೆ. ಅಂಕ 20ರಿಂದ 80ರವರೆಗೆ. 50 ಎಂದರೆ ದೊಡ್ಡ ಲೀಗಿನ ಸಾಧಾರಣ ಮಟ್ಟ. ಸಾಧಾರಣ ಅಂತ ಹಗುರವಾಗಿ ಕಾಣಬೇಡಿ, ಜಗತ್ತಿನ ಅತ್ಯುತ್ತಮ ಲೀಗಿನ ಸಾಧಾರಣ ಅದು. 80 ಸಿಗುವುದು ತೀರಾ ಅಪರೂಪ. ಎಸೆತಗಾರನಾದರೆ ವೇಗದ ಎಸೆತಕ್ಕೊಂದು ಅಂಕ, ತಿರುವಿನ ಎಸೆತಕ್ಕೊಂದು, ಮೋಸದ ನಿಧಾನ ಎಸೆತಕ್ಕೊಂದು, ಗುರಿಗೊಂದು. ಪ್ರತಿಯೊಂದಕ್ಕೂ ಎರಡೆರಡು ಅಂಕ: ಇವತ್ತಿನದು, ನಾಲ್ಕೈದು ವರ್ಷದ ನಂತರ ಆಗಬಹುದಾದದ್ದು. ಸ್ಕೌಟ್ ತಲೆ ಕೆಡಿಸಿಕೊಳ್ಳುವುದು ಎರಡನೆಯದಕ್ಕೆ. ನಮ್ಮ ದನದ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಹಲ್ಲು ನೋಡಿ, ಸುಳಿ ನೋಡಿ, ಮೂಳೆ ನೋಡಿ ‘ಇದು ಇನ್ನೂ ಬೆಳೆಯುತ್ತದೆ’ ಅನ್ನುತ್ತಾರಲ್ಲ, ಹಾಗೆ. ಭುಜ ಅಗಲವೇ, ಕಾಲು ಉದ್ದವೇ, ಮೈ ತುಂಬಿಕೊಳ್ಳಲು ಜಾಗ ಇದೆಯೇ ಎಂದು ನಿಜವಾಗಿಯೂ ನೋಡುತ್ತಾರೆ.

ಈಗ ಬಹುಮಾನ ಗೆದ್ದ ಆ 87 ಮೈಲಿಯನ್ನು ಈ ತಕ್ಕಡಿಗೆ ಹಾಕಿ. ಆ ದಿನಗಳಲ್ಲಿ ದೊಡ್ಡ ಲೀಗಿನ ಸಾಧಾರಣ ವೇಗವೇ 90 ಮೈಲಿ ದಾಟಿತ್ತು. ಹಾಗಾಗಿ ಲಕ್ಷ ಡಾಲರಿನ ಎಸೆತ ಸ್ಕೌಟ್ ಪುಸ್ತಕದಲ್ಲಿ 50ಕ್ಕಿಂತ ಸಾಕಷ್ಟು ಕೆಳಗೆ! ಟಿವಿಯಲ್ಲಿ ವೇಗವೇ ರಾಜ. ಪಟ್ಟಿಯಲ್ಲಿ ಅದು ನಾಲ್ಕರಲ್ಲಿ ಒಂದು. ಬೇಸ್‌ಬಾಲ್‌ನಲ್ಲಿ ಚೆಂಡು ಪುಟಿಯುವುದಿಲ್ಲ ನೋಡಿ, ಎಲ್ಲವೂ ಫುಲ್‌ಟಾಸ್. ಪಿಚ್ ಸಹಾಯ ಮಾಡೀತು ಎನ್ನುವ ಹಾಗಿಲ್ಲ. ಅರವತ್ತು ಅಡಿ ಆರು ಇಂಚು ದೂರದಿಂದ, ಓಡಿ ಬರದೆ, ನಿಂತಲ್ಲಿಂದಲೇ ಎಸೆದು ಗಾಳಿಯಲ್ಲೇ ಚೆಂಡನ್ನು ಬಗ್ಗಿಸಬೇಕು. ಓಡಿ ಬಂದು ಈಟಿ ಎಸೆದು ಬೆಳೆದ ಹುಡುಗರು ಇದನ್ನು ಅಆಇಈಯಿಂದ ಕಲಿಯಬೇಕಾಯಿತು. ರಿಂಕುವಿಗೆ ಹುಟ್ಟಿನಿಂದ ಬಂದ ಅನುಕೂಲ ಒಂದಿತ್ತು, ಅವನು ಎಡಗೈಯವನು. ಎಡಗೈ ಎಸೆತಗಾರರಿಗೆ ಅಲ್ಲಿ ಯಾವಾಗಲೂ ಬೇಡಿಕೆ. ವೇಗ ತುಸು ಕಡಿಮೆಯಿದ್ದರೂ ನಡೆಯುತ್ತದೆ.

2009ರಲ್ಲಿ ಇಬ್ಬರೂ ಫ್ಲೋರಿಡಾದ ರೂಕಿ ತಂಡದಲ್ಲಿ ಆಡಿದರು. ಬಲಗೈಯ ದಿನೇಶ್‌ನನ್ನು 2010ರ ಕೊನೆಯಲ್ಲಿ ತಂಡ ಬಿಟ್ಟುಕೊಟ್ಟಿತು, ಅವನು ಊರಿಗೆ ಮರಳಿದ. ರಿಂಕು ಒಂದೊಂದೇ ಮೆಟ್ಟಿಲು ಹತ್ತುತ್ತ ವೆಸ್ಟ್ ವರ್ಜೀನಿಯಾ ಪವರ್ ಎಂಬ ‘ಎ’ ದರ್ಜೆಯ ತಂಡಕ್ಕೆ ಬಂದ. 2012ರಲ್ಲಿ ಅಲ್ಲಿ ಅವನು 72 ಇನಿಂಗ್ಸ್ ಎಸೆದು 65 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಇ.ಆರ್.ಎ. 3.00. ಇದನ್ನು ಲೆಕ್ಕ ಹಾಕುವುದು ಸುಲಭ: ಫೀಲ್ಡರ್‌ಗಳ ತಪ್ಪಿನಿಂದ ಹೋದ ರನ್ ಬಿಟ್ಟು, ಎಸೆತಗಾರ ಒಂಬತ್ತು ಇನಿಂಗ್ಸಿಗೆ ಎಷ್ಟು ರನ್ ಕೊಟ್ಟ ಎಂಬುದು. 72 ಇನಿಂಗ್ಸಿನಲ್ಲಿ 24 ರನ್, ಒಂಬತ್ತಕ್ಕೆ ಮೂರು. ಯಾವ ಲೀಗಿನಲ್ಲೂ ಮೆಚ್ಚುವಂಥ ಅಂಕಿ.

ಹಾಗಾದರೆ ಅವನ ಹೆಸರು ಪಟ್ಟಿಯ ತುದಿಗೆ ಹೋಗಬೇಕಲ್ಲವೇ? ಇಲ್ಲೇ ಪಟ್ಟಿ ಮಾಡುವವನು ಪಕ್ಕದ ಕಾಲಂ ನೋಡುತ್ತಾನೆ. ವಯಸ್ಸು. ಆ ಆಗಸ್ಟಿಗೆ ರಿಂಕುವಿಗೆ 24 ತುಂಬಿತು. ಆ ಲೀಗಿನಲ್ಲಿ ಬಹಳ ಮಂದಿ ಅವನಿಗಿಂತ ಎರಡು-ಮೂರು ವರ್ಷ ಚಿಕ್ಕವರು. ಹತ್ತೊಂಬತ್ತರ ಹುಡುಗ ಅಲ್ಲಿ ಬರೀ ತಕ್ಕಮಟ್ಟಿಗೆ ಆಡಿದರೂ ‘ಇವನು ಮುಂದೆ ಬರುತ್ತಾನೆ’ ಅನ್ನುತ್ತಾರೆ. ಇಪ್ಪತ್ನಾಲ್ಕರವನು ಚೆನ್ನಾಗಿ ಆಡಿದರೆ ‘ಆಡಲೇಬೇಕಲ್ಲ’ ಅನ್ನುತ್ತಾರೆ. ಅದೇ ಪೈರೇಟ್ಸ್‌ನಲ್ಲಿ ಸ್ಟಾರ್ಲಿಂಗ್ ಮಾರ್ಟೆ ಎಂಬ ಡೊಮಿನಿಕನ್ ಹುಡುಗ ಇದ್ದ, ರಿಂಕುವಿಗಿಂತ ಎರಡು ತಿಂಗಳು ಚಿಕ್ಕವನು. ಅದೇ 2012ರ ಜುಲೈಯಲ್ಲಿ ದೊಡ್ಡ ತಂಡಕ್ಕೆ ಹತ್ತಿ, ತಾನು ಎದುರಿಸಿದ ಮೊದಲ ಎಸೆತವನ್ನೇ ಹೋಮ್‌ರನ್ ಹೊಡೆದ.

ನನಗೆ ಈ ವಯಸ್ಸಿನ ಕಾಲಂ ಮೇಲೆ ಸ್ವಲ್ಪ ತಕರಾರಿದೆ. ಮಾರ್ಟೆಯ ಊರಲ್ಲಿ ಬೇಸ್‌ಬಾಲ್ ಎಂದರೆ ನಮ್ಮ ಗಲ್ಲಿ ಕ್ರಿಕೆಟ್ ಇದ್ದಂತೆ. ಭದೋಹಿಯ ಹುಡುಗ ಚೆಂಡು ಮುಟ್ಟಿದ್ದೇ ಹತ್ತೊಂಬತ್ತರ ಹೊತ್ತಿಗೆ. ಆಟದ ಲೆಕ್ಕದಲ್ಲಿ ಅವನಿಗೆ 2012ರಲ್ಲಿ ಬರೀ ನಾಲ್ಕೈದು ವರ್ಷ. ಅಷ್ಟರಲ್ಲಿ 3.00 ಎಂದರೆ ಕಲಿಯುವ ವೇಗ ಎಂಥದ್ದು! ಆದರೆ ತಂಡದವರ ಬದಿಗೂ ಒಮ್ಮೆ ಕೂತು ನೋಡಬೇಕು. ಕಲಿಕೆ ತಡವಾಗಿ ಶುರುವಾಯಿತೆಂದು ಭುಜ, ಮೊಣಕೈ ಕಾಯುವುದಿಲ್ಲ. ಅವಕ್ಕೆ 24 ಅಂದರೆ 24. ಮೇಲಾಗಿ ಅವನಿಗೆ ಕೊಟ್ಟ ಒಂದೊಂದು ಇನಿಂಗ್ಸೂ ಇನ್ನೊಬ್ಬ ಹುಡುಗನಿಂದ ಕಿತ್ತುಕೊಂಡದ್ದು.

ಪಟ್ಟಿ ಮಾಡುವವರ ನಡುವೆಯೇ ಒಂದು ಹಳೆಯ ಜಗಳವೂ ಇದೆ. ಆಕಾಶ ಮುಟ್ಟಬಹುದಾದ, ಆದರೆ ಎಡವಿ ಬೀಳಲೂಬಹುದಾದ ಹುಡುಗ ಮೇಲೋ, ಖಚಿತವಾಗಿ ಸಾಧಾರಣ ಆಟಗಾರ ಆಗುವವನು ಮೇಲೋ? ಆಕಾಶದ ಕಡೆಯವರಿಗೆ ಬ್ರಿಯನ್ ಟೇಲರ್ ಹೆಸರು ಹೇಳಿದರೆ ಸಾಕು, ಸುಮ್ಮನಾಗುತ್ತಾರೆ. 1991ರಲ್ಲಿ ಇಡೀ ದೇಶದ ಮೊದಲ ಆಯ್ಕೆಯಾಗಿ ಯಾಂಕೀಸ್ ತಂಡಕ್ಕೆ ಹೋದ ಎಡಗೈ ಎಸೆತಗಾರ. 1993ರಲ್ಲಿ ಒಂದು ಹೊಡೆದಾಟದಲ್ಲಿ ಭುಜ ಕೆಟ್ಟು, ದೊಡ್ಡ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಇನ್ನೊಂದು ಕಡೆ ಮೈಕ್ ಪಿಯಾಜಾ. 1988ರಲ್ಲಿ 62ನೇ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದವನು, 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಎಸೆತಗಾರರ ವಿಷಯದಲ್ಲಂತೂ ನಾನು ಖಚಿತದ ಕಡೆಯವನೇ, ಏಕೆಂದರೆ ಅವರ ಭವಿಷ್ಯ ಮೊಣಕೈಯ ಒಂದು ಎಳೆಯಲ್ಲಿ ನೇತಾಡುತ್ತಿರುತ್ತದೆ.

ರಿಂಕುವಿನ ವಿಷಯದಲ್ಲೂ ಆದದ್ದು ಅದೇ. 2012ರ ಆ ಒಳ್ಳೆಯ ವರ್ಷದ ನಂತರ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಒಂದರ ಮೇಲೊಂದು ಗಾಯ. ಡಬಲ್ ಎ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ. 2018ರಲ್ಲಿ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಸಹಿ ಹಾಕಿದ. ಉದ್ದ ಕೂದಲು, ಹಣೆಯ ಮೇಲೆ ವಿಭೂತಿ ಇಟ್ಟು ‘ವೀರ್ ಮಹಾನ್’ ಎಂಬ ಹೆಸರಲ್ಲಿ ಕಾದಾಡಿದವನು ಅವನೇ. ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುತ್ತದೆ.