ಕಾಲೇಜಿನ ಹಾಕಿ ತಂಡವೂ ಬಿಡುವಿನ ತಿಂಗಳುಗಳೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲವನ್ನು ಬಲ್ಲವರಿಗೆ ಒಂದು ಸಂಗತಿಯನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ. ಹಿಂಗಾರಿಯ ಬಿಳಿಜೋಳವನ್ನು ಬಿತ್ತುವ ಹೊಲವು ಮುಂಗಾರಿನ ತಿಂಗಳುಗಳಲ್ಲಿ ಬರಿದಾಗಿ ಕಾಣುವುದು. ದಾರಿಹೋಕನು ಅದನ್ನು ನೋಡಿ, ಈ ಹೊಲಕ್ಕೆ ಒಡೆಯನೇ ಇಲ್ಲವೋ ಏನೋ ಎಂದುಕೊಳ್ಳಬಹುದು. ಆದರೆ ಒಕ್ಕಲಿಗನು ಆ ತಿಂಗಳುಗಳಲ್ಲಿಯೇ ಹೊಲವನ್ನು ಮತ್ತೆ ಮತ್ತೆ ಹರಗಿ, ಕಸವನ್ನು ತೆಗೆದು, ಬಿದ್ದ ಮಳೆಯ ಹಸಿಯನ್ನು ನೆಲದಲ್ಲಿ ಹಿಡಿದಿಡುವನು. ಬಿತ್ತನೆಯಿಲ್ಲದ ತಿಂಗಳುಗಳಲ್ಲಿ ಮಾಡಿದ ಕೆಲಸವೇ ಸುಗ್ಗಿಯಲ್ಲಿ ತೆನೆಯಾಗಿ ಕಾಣಿಸಿಕೊಳ್ಳುವುದು.

ಕಾಲೇಜುಗಳ ಹಾಕಿಯಾಟದಲ್ಲಿಯೂ ಇದೇ ನ್ಯಾಯವುಂಟು. ಪಂದ್ಯಗಳು ನಡೆಯುವಾಗ ಸೇರುವ ಜನರು ಗೋಲನ್ನು ನೋಡುವರು, ಗೆದ್ದವರನ್ನು ಹೊಗಳುವರು. ಪಂದ್ಯಗಳಿಲ್ಲದ ಬೇಸಗೆಯಲ್ಲಿ ತಂಡದಿಂದ ಯಾರು ಹೊರಟರು, ಯಾರು ಬಂದರು, ಯಾರನ್ನು ಕರೆತಂದರು, ಯಾರನ್ನು ಕೈಬಿಟ್ಟರು ಎಂಬುದನ್ನು ವಿಚಾರಿಸುವವರು ವಿರಳ. ಆ ವಿಚಾರವನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ಇದು ಬರಿಯ ಆಟದ ಮಾತಲ್ಲ; ಹದಿನಾಲ್ಕು ಹದಿನೆಂಟು ವರ್ಷದ ಮಕ್ಕಳು ಮನೆಯನ್ನು ಬಿಟ್ಟು ಹೊರಡತಕ್ಕ ಮಾತು.

ಕಾಲೇಜಿನ ತಂಡಕ್ಕೂ ಇತರ ತಂಡಗಳಿಗೂ ಇರುವ ಮುಖ್ಯವಾದ ಭೇದವೇನೆಂದರೆ, ಕಾಲೇಜಿನ ತಂಡವು ತನ್ನ ಸ್ವಭಾವದಿಂದಲೇ ಪ್ರತಿವರ್ಷವೂ ಒಡೆಯತಕ್ಕದ್ದು. ರೈಲ್ವೆಯ ತಂಡದಲ್ಲಿಯೋ ಸೈನ್ಯದ ತಂಡದಲ್ಲಿಯೋ ಒಬ್ಬ ಆಟಗಾರನು ಹತ್ತು ವರ್ಷ ಆಡಬಹುದು. ಕಾಲೇಜಿನಲ್ಲಿ ಪದವಿಯ ಅವಧಿಯೇ ಮೂರು ವರ್ಷ. 18 ಮಂದಿಯ ಒಂದು ತಂಡವನ್ನು ಊಹಿಸಿಕೊಳ್ಳೋಣ. ಮೂರು ತರಗತಿಗಳಿಂದ ಸಮನಾಗಿ ಬಂದವರಾದರೆ ವರ್ಷವರ್ಷವೂ ಆರು ಮಂದಿ ಪರೀಕ್ಷೆಯನ್ನು ಮುಗಿಸಿ ಹೊರಟುಹೋಗುವರು. ಮೂರು ವರ್ಷ ಕಳೆದರೆ ಹಳಬನೊಬ್ಬನೂ ಉಳಿಯನು. ಅಲ್ಲದೆ ಹೊರಡುವ ಆರು ಮಂದಿ ತಂಡದಲ್ಲಿ ಹೆಚ್ಚು ಪಳಗಿದವರು. ಬರುವ ಆರು ಮಂದಿ ಎಳೆಯರು. ಆದುದರಿಂದ ಕಾಲೇಜಿನ ಶಿಕ್ಷಕನು ಜೂನ್ ತಿಂಗಳಲ್ಲಿ ಪ್ರತಿಸಲವೂ ಕಟ್ಟಡದ ಮೇಲಂತಸ್ತನ್ನು ಕಳೆದುಕೊಂಡು ತಳಪಾಯವನ್ನು ಮತ್ತೆ ಹಾಕುವವನಂತೆ ಇರುವನು.

ಸಂಖ್ಯೆಯನ್ನು ತುಂಬಿದರೆ ಸಾಲದು, ಸ್ಥಾನವನ್ನು ತುಂಬಬೇಕು. ಅಂಕಣದೊಳಗೆ ಆಡುವವರು 11 ಮಂದಿ; ಅವರಲ್ಲಿ ಒಬ್ಬನು ಗೋಲುಕಾವಲಿನವನು, ಉಳಿದವರು ಹಿಂದಿನ ಸಾಲು, ನಡುಸಾಲು, ಮುಂದಿನ ಸಾಲು ಎಂದು ಹಂಚಿಕೊಂಡವರು. ಮುಂದಿನ ಸಾಲಿನ ಚುರುಕಾದ ಹುಡುಗನೊಬ್ಬನು ಹೊರಟುಹೋದರೆ ನಡುಸಾಲಿನವನೊಬ್ಬನನ್ನು ಅಲ್ಲಿಗೆ ಸರಿಸಬಹುದು. ಗೋಲುಕಾವಲಿನವನು ಹೊರಟುಹೋದರೆ ಆ ಸ್ಥಾನಕ್ಕೆ ಬೇರೆಯವರನ್ನು ನಿಲ್ಲಿಸುವುದು ಸಾಧ್ಯವಲ್ಲ. ಅವನ ಅಭ್ಯಾಸವೇ ಬೇರೆ, ತೊಡುವ ಕವಚವೇ ಬೇರೆ. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಬೀಸಿ ಗೋಲಿಗೆ ಕಳುಹಿಸಬಲ್ಲವನೂ ಅಂಥವನೇ. ಆದಕಾರಣ ಜಾಣನಾದ ಶಿಕ್ಷಕನು ಈ ಎರಡು ಸ್ಥಾನಗಳಿಗೆ ಒಂದು ವರ್ಷ ಮುಂಚಿತವಾಗಿಯೇ ಎಳೆಯನನ್ನು ತಂದು ಹಳಬನ ಮಗ್ಗುಲಲ್ಲಿ ನಿಲ್ಲಿಸಿಟ್ಟಿರುವನು.

ಇನ್ನು, ಹೊಸಬರು ಬರುವುದೆಲ್ಲಿಂದ? ವಿಚಾರಿಸಿ ನೋಡಿದರೆ, ತಂಡವನ್ನು ತುಂಬುವುದಕ್ಕೆ ಲೋಕದಲ್ಲಿ ಮೂರು ಬಗೆಗಳು ಕಾಣುತ್ತವೆ. ಒಂದನೆಯದು ಹುಟ್ಟಿನಿಂದ, ಎರಡನೆಯದು ವಿದ್ಯಾಶಾಲೆಯ ಪ್ರವೇಶದಿಂದ, ಮೂರನೆಯದು ಬೆಲೆಯಿಂದ.

ಹುಟ್ಟಿನಿಂದ ತುಂಬುವ ತಂಡಕ್ಕೆ ನಮ್ಮ ನಾಡಿನ ಕೊಡಗೇ ಉದಾಹರಣೆ. ಅಲ್ಲಿ ಪಾಂಡಂಡ ಕುಟ್ಟಪ್ಪನವರ ಯತ್ನದಿಂದ 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬವು ಮೊದಲಾಯಿತು. ಆಗ ಸೇರಿದ ಮನೆತನಗಳು 60. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬಕ್ಕೆ ಹೆಸರು ಕೊಟ್ಟ ಮನೆತನಗಳು 360. ಒಂದೊಂದು ತಂಡವೂ ಒಂದೊಂದು ಮನೆತನ. ಅಜ್ಜನೂ ಮೊಮ್ಮಗನೂ, ಅಕ್ಕನೂ ತಮ್ಮನೂ ಒಂದೇ ತಂಡದಲ್ಲಿ ಆಡುವುದುಂಟು. ಎಷ್ಟು ದೊಡ್ಡ ಆಟಗಾರನಾದರೂ ಹೊರಗಿನವನಿಗೆ ಅಲ್ಲಿ ಎಡೆಯಿಲ್ಲ. ಇಂಥ ತಂಡಕ್ಕೆ ಬಿಡುವಿನ ತಿಂಗಳುಗಳ ಚಿಂತೆಯೇ ಇಲ್ಲ. ತೊಟ್ಟಿಲಲ್ಲಿರುವ ಕೂಸೇ ಮುಂದಿನ ಆಟಗಾರನು. ಈ ನೆಲದಿಂದಲೇ ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯ ಮೊದಲಾದವರು ಭಾರತದ ತಂಡದವರೆಗೆ ನಡೆದುಹೋದರು.

ಎರಡನೆಯ ಬಗೆಯೇ ನಮ್ಮ ಕಾಲೇಜುಗಳದು. ಪಿ. ಯು. ಎರಡನೆಯ ವರ್ಷದ ಫಲಿತಾಂಶವು ಹೊರಬಿದ್ದೊಡನೆ ಇದರ ಕಾಲ ಆರಂಭವಾಗುವುದು. ಆಟದಲ್ಲಿ ಕೀರ್ತಿಯನ್ನು ಬಯಸುವ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಹಿಂದಿನ ವರ್ಷವೇ ಪಿ. ಯು. ಕಾಲೇಜುಗಳ ಪಂದ್ಯಗಳಿಗೆ ಹೋಗಿ ಅಂಕಣದ ಅಂಚಿನಲ್ಲಿ ನಿಂತು ಹುಡುಗರನ್ನು ಗುರುತುಹಾಕಿಕೊಂಡಿರುವರು. ಫಲಿತಾಂಶ ಬಂದ ಮೇಲೆ ಹುಡುಗನಿಗೂ ತಂದೆತಾಯಿಗಳಿಗೂ ಹೇಳಿಕಳುಹಿಸುವರು. ಶುಲ್ಕದ ವಿನಾಯಿತಿ, ವಸತಿ, ಊಟ, ಬೂಟು ಕೋಲುಗಳು, ಇವೇ ಅವರು ಕೊಡಬಲ್ಲ ಆಕರ್ಷಣೆಗಳು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಹೀಗೆ ನಾಡಿನ ನಾನಾ ಕಡೆಗಳ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದು ಎಲ್ಲರೂ ಬಲ್ಲ ಮಾತು.

ಕಾಲೇಜಿನ ತಂಡದ ಮೇಲೆ ವಿಶ್ವವಿದ್ಯಾಲಯದ ತಂಡವೆಂಬುದೊಂದುಂಟು. ಕಾಲೇಜುಗಳು ತಮ್ಮತಮ್ಮಲ್ಲಿ ಆಡಿದ ಬಳಿಕ ಆಯ್ಕೆದಾರರು ಒಳ್ಳೆಯವರನ್ನು ಆರಿಸಿ, ಶಿಬಿರದಲ್ಲಿ ಪಳಗಿಸಿ, ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಕಳುಹಿಸುವರು. ಆ ಪಂದ್ಯಗಳನ್ನು ನಡೆಸತಕ್ಕ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು 1925ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ 1973ರಲ್ಲಿ ಈಗಿನ ಹೆಸರನ್ನು ಪಡೆಯಿತು. ಆಡುವವನು ಪೂರ್ಣಕಾಲದ ವಿದ್ಯಾರ್ಥಿಯಾಗಿರಬೇಕು, ವಯಸ್ಸಿನ ಮಿತಿಯನ್ನು ಮೀರಿರಬಾರದು ಎಂಬುದು ಅದರ ಕಟ್ಟಳೆ. ಇಲ್ಲಿ ನಮ್ಮ ಜಿಲ್ಲೆಯ ಒಂದು ವಿಶೇಷವನ್ನು ಹೇಳಬೇಕು. ಇಂಡಿಯ ಒಂದೇ ಮನೆಯ ಅಣ್ಣತಂಗಿಯರನ್ನು ನೆನೆದುಕೊಳ್ಳಿ. ಅಣ್ಣನ ಕಾಲೇಜು 2010ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದುದು. ತಂಗಿಯು ಮಹಿಳಾ ಕಾಲೇಜಿನಲ್ಲಿ ಓದುತ್ತಿದ್ದರೆ ಅದು 2003ರಲ್ಲಿ ಸ್ಥಾಪಿತವಾದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ, ಎಂದರೆ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ವಿದ್ಯಾಲಯಕ್ಕೆ ಸೇರಿದುದು. ಒಂದೇ ಒಲೆಯ ರೊಟ್ಟಿಯನ್ನು ತಿಂದ ಇಬ್ಬರು ಎರಡು ಬಣ್ಣದ ಅಂಗಿಗಳನ್ನು ತೊಟ್ಟು ಹೊರಡುವರು. ಪ್ರವೇಶದ ಅರ್ಜಿಯಲ್ಲಿ ಬರೆಯುವ ಕಾಲೇಜಿನ ಹೆಸರೇ ಮುಂದೆ ಆಡುವ ತಂಡವನ್ನೂ ನಿಶ್ಚಯಿಸುವುದೆಂಬುದನ್ನು ಮರೆಯಲಾಗದು.

ಕಾಲೇಜಿಗೆ ಮುಂಚೆ ಇನ್ನೊಂದು ಬಾಗಿಲಿದೆ. ಅದು ರಾಜ್ಯ ಸರಕಾರದ ಕ್ರೀಡಾ ಇಲಾಖೆಯ ಕ್ರೀಡಾಶಾಲೆ ಮತ್ತು ಕ್ರೀಡಾನಿಲಯ. ಎಳೆಯರಿಗೆ ಪ್ರೌಢಶಾಲೆಯ ಮಟ್ಟದಲ್ಲಿಯೂ ದೊಡ್ಡವರಿಗೆ ಪಿ. ಯು. ಮಟ್ಟದಲ್ಲಿಯೂ ಆಯ್ಕೆ ನಡೆಯುವುದು. ಎತ್ತರ, ತೂಕ, ಓಟ, ಜಿಗಿತಗಳನ್ನು ಅಳೆದು, ವೈದ್ಯರಿಂದ ಪರೀಕ್ಷೆ ಮಾಡಿಸಿ, ಆರಿಸಿದವರಿಗೆ ಊಟ ವಸತಿ ತರಬೇತಿಗಳನ್ನು ಕೊಡುವರು. ನಮ್ಮ ವಿಜಯಪುರದ ನಿಲಯವು ಸೈಕಲ್ ಸವಾರಿಗೆ ಹೆಸರಾದುದು. ಹಾಕಿಯನ್ನು ಕಲಿಯಬಯಸುವ ಹುಡುಗನಾದರೋ ಕೊಡಗಿನ ಕೂಡಿಗೆ, ಪೊನ್ನಂಪೇಟೆಗಳ ಕಡೆಗೆ ನೋಡಬೇಕು. ಭೀಮಾ ತೀರದಿಂದ ಕಾವೇರಿ ತೀರಕ್ಕೆ, ಜೋಳದ ರೊಟ್ಟಿಯಿಂದ ಅನ್ನಕ್ಕೆ, ಬಿಸಿಲಿನಿಂದ ಜಡಿಮಳೆಗೆ ಆ ಮಗುವಿನ ಪ್ರಯಾಣ.

ಮೂರನೆಯ ಬಗೆಯನ್ನು ನೋಡುವುದಕ್ಕೆ ಅಮೆರಿಕಕ್ಕೆ ಹೋಗೋಣ. ಅಲ್ಲಿಯ ಕಾಲೇಜುಗಳಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲೆ ಆಡುವ ಆಟ. ಒಂದು ಕಡೆಗೆ ಆರು ಮಂದಿ. ಆಟವು ಅಷ್ಟು ರಭಸವಾದುದರಿಂದ ಗೋಲುಕಾವಲಿನವನ ಹೊರತು ಉಳಿದವರು ಸುಮಾರು ಒಂದು ನಿಮಿಷಕ್ಕೊಮ್ಮೆ ಬದಲಾಗುತ್ತಿರುವರು. ಪಂದ್ಯಗಳು ಅಕ್ಟೋಬರದಿಂದ ಏಪ್ರಿಲಿನವರೆಗೆ. ಏಪ್ರಿಲು ಮುಗಿಯಿತೋ ಇಲ್ಲವೋ, ಇನ್ನೊಂದು ಆಟ ಆರಂಭ. 2018ರ ಅಕ್ಟೋಬರದಲ್ಲಿ ಅಲ್ಲಿಯ ಕಾಲೇಜು ಕ್ರೀಡೆಗಳ ಸಂಸ್ಥೆಯು ವರ್ಗಾವಣೆಯ ಒಂದು ಪಟ್ಟಿಯನ್ನು ತೆರೆಯಿತು. ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರನು ತನ್ನ ಹೆಸರನ್ನು ಅದರಲ್ಲಿ ಬರೆಯಿಸಿದರೆ ಎಲ್ಲ ಕಾಲೇಜುಗಳ ಶಿಕ್ಷಕರೂ ಅವನೊಡನೆ ಮಾತನಾಡಬಹುದು. ಮೊದಲು ಹಾಗೆ ಕಾಲೇಜು ಬದಲಿಸಿದ ಹಾಕಿ ಆಟಗಾರನು ಒಂದು ವರ್ಷ ಆಡದೆ ಕೂಡಬೇಕಾಗಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆಯನ್ನು ತೆಗೆದರು; 2024ರಲ್ಲಿ, ಓದಿನಲ್ಲಿ ಸರಿಯಾಗಿದ್ದರೆ ಎಷ್ಟು ಸಲವಾದರೂ ಹೋಗಬಹುದೆಂದರು.

ಬಳಿಕ ಇನ್ನೊಂದು ಕಟ್ಟೆಯೊಡೆಯಿತು. ಕೆನಡಾ ದೇಶದ ತರುಣರ ಮೂರು ದೊಡ್ಡ ಕೂಟಗಳಲ್ಲಿ ಆಡಿದವರನ್ನು, ಅವರು ಅಲ್ಪಸ್ವಲ್ಪ ಭತ್ಯೆ ಪಡೆಯುವರೆಂಬ ಕಾರಣದಿಂದ, ವೃತ್ತಿಯ ಆಟಗಾರರೆಂದು ಕಾಲೇಜುಗಳು ದೂರವಿಟ್ಟಿದ್ದವು. 2024ರ ನವೆಂಬರದಲ್ಲಿ ಆ ನಿಷೇಧವನ್ನು ತೆಗೆಯಲು ನಿಶ್ಚಯಿಸಿ, 2025ರ ಆಗಸ್ಟ್ 1ರಿಂದ ಬಾಗಿಲು ತೆರೆದರು. ಅದೇ ವರ್ಷ ಒಂದು ಮೊಕದ್ದಮೆಯ ರಾಜಿಯಾಗಿ, ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದಾಯಿತು. ಆದರೆ ಆ ರಾಜಿಗೆ ಒಳಪಟ್ಟ ಕಾಲೇಜುಗಳ ಹಾಕಿ ತಂಡದಲ್ಲಿ 26 ಮಂದಿಗಿಂತ ಹೆಚ್ಚು ಇರಕೂಡದೆಂಬ ಮಿತಿಯೂ ಬಂದಿತು. ಇದರ ಅರ್ಥವನ್ನು ಗ್ರಹಿಸಬೇಕು. ಕೊಡದಲ್ಲಿ ಹಿಡಿಯುವ ನೀರು ಇಷ್ಟೇ. ಮೇಲಿನಿಂದ ಇಪ್ಪತ್ತು ವರ್ಷದ ಪಳಗಿದ ಆಟಗಾರನೊಬ್ಬನು ಬಂದರೆ, ಹದಿನೆಂಟು ವರ್ಷದ ಹೊಸಬನೊಬ್ಬನು ಹೊರಚೆಲ್ಲುವನು. ಮಾತುಕೊಟ್ಟು ಕರೆದ ಹುಡುಗನಿಗೆ, ಇನ್ನೊಂದು ವರ್ಷ ತಾಳು ಎಂದು ಹೇಳಿಕಳುಹಿಸುವ ಸಂದರ್ಭಗಳು ಹೀಗೆಯೇ ಒದಗುವುವು.

ಬೆಲೆಯ ಬಗೆಯು ನಮ್ಮ ದೇಶಕ್ಕೂ ಬಾರದೆ ಇಲ್ಲ. 2013ರಿಂದ 2017ರವರೆಗೆ ನಡೆದು ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗು 2024ರ ಡಿಸೆಂಬರದಲ್ಲಿ ಮರಳಿ ಆರಂಭವಾದಾಗ ಆಟಗಾರರನ್ನು ಹರಾಜಿನಲ್ಲಿ ಕೊಂಡರು. ಆದರೆ ಅದು ಬಲಿತವರ ವೃತ್ತಿ; ಅವರು ತಮ್ಮ ಲಾಭನಷ್ಟವನ್ನು ತಾವೇ ಬಲ್ಲರು. ವಿದ್ಯಾರ್ಥಿಯ ಸಂಗತಿ ಹಾಗಲ್ಲ.

ಸಂಕ್ರಾಂತಿಯ ಕಾಲಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದವರು, ಹೋರಿಯ ಹಲ್ಲು ಹಿಡಿದು, ಗೊರಸು ತಟ್ಟಿ, ನಡಿಗೆ ನೋಡಿ ಕೊಳ್ಳುವವರನ್ನು ಕಂಡಿರುವರು. ಆಯ್ಕೆಯ ಮೈದಾನದಲ್ಲಿ ಎತ್ತರ ತೂಕಗಳನ್ನು ಅಳೆಯುವಾಗ ಆ ನೆನಪು ಬಂದರೆ ಆಶ್ಚರ್ಯವಿಲ್ಲ. ಅಳೆಯುವುದು ತಪ್ಪಲ್ಲ, ಅಳೆದುದಷ್ಟೇ ಮನುಷ್ಯನೆಂದು ತಿಳಿಯುವುದು ತಪ್ಪು. ಇಂಡಿಯ ಲಿಂಬೆಯ ತೋಟದವನನ್ನು ಕೇಳಿ. ಸಸಿಯನ್ನು ನೆಟ್ಟು ನಾಲ್ಕೈದು ವರ್ಷ ಕಾದರೆ ಫಲ ಬರುವುದೆಂದು ಹೇಳುವನು. ಅವಸರಕ್ಕೆ ಬಲಿತ ಗಿಡವನ್ನೇ ಕಿತ್ತುತಂದು ನೆಟ್ಟರೆ, ಬೇರು ಹಿಡಿದರೆ ಹಿಡಿಯಿತು, ಇಲ್ಲವಾದರೆ ಎರಡು ತೋಟಗಳಿಗೂ ನಷ್ಟ.

ಹಾಗೆಂದು ಮಕ್ಕಳನ್ನು ಕಳುಹಿಸಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ನಮ್ಮ ಕಡೆ ಕುಸ್ತಿ, ಕಬಡ್ಡಿಗಳಿಗೆ ಊರೂರಲ್ಲಿ ನೆಲೆಯುಂಟು; ಹಾಕಿಗೆ ನೆಲವೇ ಅಡ್ಡಿ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದು, ಮಳೆಯಲ್ಲಿ ಕಾಲಿಗೆ ಅಂಟುವುದು. ಚೆಂಡು ಉರುಳತಕ್ಕ ಸಮತಲ ದೊರೆಯುವುದು ಕಷ್ಟ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ದೊಡ್ಡ ಪಂದ್ಯಗಳು ಕೃತಕ ಹುಲ್ಲಿನ ಹಾಸಿನ ಮೇಲೆ ನಡೆಯುತ್ತಿರುವುದರಿಂದ, ಮಣ್ಣಿನಲ್ಲಿ ಕಲಿತವನು ಮತ್ತೆ ಮೊದಲಿನಿಂದ ಕಲಿಯಬೇಕಾಗುವುದು. ಆದುದರಿಂದ ಹೋಗುವವನು ಬೇಗ ಹೋಗುವುದೇ ಲೇಸು. ಆದರೆ ಕಣ್ಣು ತೆರೆದು ಹೋಗಬೇಕು.

ಕರೆಯಲು ಬಂದವರನ್ನು ತಂದೆತಾಯಿಗಳು ಕೆಲವು ಮಾತುಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಶುಲ್ಕ, ಊಟ, ವಸತಿಗಳ ಭರವಸೆ ಒಂದು ವರ್ಷಕ್ಕೋ, ಪದವಿ ಮುಗಿಯುವವರೆಗೋ? ಅದನ್ನು ಬರೆದುಕೊಡುವರೋ? ಆಟದಲ್ಲಿ ಕಾಲು ಮುರಿದರೆ ಚಿಕಿತ್ಸೆ ಯಾರದು, ಆಡಲಾರದ ಹುಡುಗನ ಓದು ಮುಂದುವರಿಯುವುದೋ? ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ಯಾರು ಹೇಳಿಕೊಡುವರು? ಇದೇ ಸ್ಥಾನದಲ್ಲಿ ಆಡುವವರು ತಂಡದಲ್ಲಿ ಈಗಾಗಲೇ ಎಷ್ಟು ಮಂದಿ ಇರುವರು? ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಕಾದರೆ, ಬಿಟ್ಟು ಬರುವ ದಿನ ಅವು ತಡೆಯಿಲ್ಲದೆ ಕೈಗೆ ಬರುವುವೋ? ಇಷ್ಟಕ್ಕೆ ನೇರವಾದ ಉತ್ತರ ಕೊಡುವವರ ಕೈಯಲ್ಲಿ ಮಗನನ್ನೋ ಮಗಳನ್ನೋ ಒಪ್ಪಿಸಬಹುದು. ಮುಂದೆ ನೋಡೋಣ ಎನ್ನುವವರಿಗೆ ನಾವೂ ಹಾಗೆಯೇ ಹೇಳಿದರೆ ಅವಿನಯವಾಗದು.

ಕಾಲೇಜುಗಳ ಅಧ್ಯಕ್ಷರಿಗೂ ಒಂದು ಬಿನ್ನಹ. ಹೊರಗಿನಿಂದ ತಂದ ಹನ್ನೊಂದು ಮಂದಿಯಿಂದ ಒಂದು ಬಟ್ಟಲನ್ನು ಗೆಲ್ಲಬಹುದು. ಆದರೆ ಊರಿನ ಹುಡುಗನು ಬೇಲಿಯಾಚೆ ನಿಂತು ನೋಡುವವನಾಗಿಯೇ ಉಳಿದರೆ, ಆ ಬಟ್ಟಲು ಬೀರುವಿನಲ್ಲಿ ಹೊಳೆಯುವುದೇ ಹೊರತು ಊರಿನಲ್ಲಿ ಹೊಳೆಯದು. ಕರೆತರುವ ಪ್ರತಿ ಇಬ್ಬರಿಗೆ ಸುತ್ತಲ ಹಳ್ಳಿಯ ಒಬ್ಬ ಎಳೆಯನನ್ನಾದರೂ ಸೇರಿಸಿಕೊಂಡು ಕಲಿಸಬಾರದೇಕೆ? ಅವನು ಮೊದಲ ವರ್ಷ ಆಡದಿರಬಹುದು. ಮೂರನೆಯ ವರ್ಷ ಅವನೇ ತಂಡಕ್ಕೆ ಆಧಾರವಾದಾನು.

ಬಿಡುವಿನ ತಿಂಗಳು ಬರಿದಾದುದಲ್ಲವೆಂದು ಮೊದಲಿಗೆ ಹೇಳಿದೆನು. ಆ ತಿಂಗಳುಗಳಲ್ಲಿ ಬದಲಾಗುವುದು ಪಟ್ಟಿಯ ಮೇಲಿನ ಹೆಸರುಗಳೆಂದು ನಮಗೆ ತೋರುವುದು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಮನೆಯ ಹೊಸ್ತಿಲು ಇದೆ. ಸೇರಿಸಿದ ಹೆಸರನ್ನು ಓದುವಾಗ ಹೊಡೆದುಹಾಕಿದ ಹೆಸರನ್ನೂ ಒಮ್ಮೆ ನೆನೆಯುವ ಅಭ್ಯಾಸ ನಮ್ಮಲ್ಲಿ ಬೆಳೆದರೆ, ಆಟವು ವಿದ್ಯೆಯ ಒಂದು ಭಾಗವಾಗಿ ಉಳಿಯುವುದು.