ಚಳಿಗಾಲದಲ್ಲಿ ಮರಜರಿಯ ಸುಳಿ ಕಾಯುವ ಬಗೆ

ಡಿಸೆಂಬರ್ ಬಂತೆಂದರೆ ಉದಕಮಂಡಲದ ಸುತ್ತಮುತ್ತ ಬೆಳಗಿನ ಹುಲ್ಲು ಬೆಳ್ಳಗಾಗುತ್ತದೆ. ತಮಿಳಿನಲ್ಲಿ ಉರೈಪನಿ ಎಂದು ಕರೆಯುವ ಈ ಹೆಪ್ಪುಗಟ್ಟಿದ ಹಿಮ ತಲೈಕುಂದಾ, ಕಾಂದಲ್, ಕೆರೆಯ ಪಕ್ಕದ ತಗ್ಗು ಮುಂತಾದ ಕಡೆ ಬಿದ್ದು, ಫೆಬ್ರವರಿಯವರೆಗೂ ಬಿಟ್ಟು ಬಿಟ್ಟು ಕಾಡುತ್ತದೆ. ಆಲೂಗೆಡ್ಡೆ, ಕ್ಯಾರೆಟ್, ಚಹಾದ ಎಳೆ ಚಿಗುರು ಇವುಗಳ ಚಿಂತೆ ಎಲ್ಲರಿಗೂ ಇದ್ದದ್ದೇ. ಅಂಗಳದ ಮೂಲೆಯ ಮರಜರಿಯ ಚಿಂತೆ ಮಾತ್ರ ಯಾರಿಗೂ ಇರುವುದಿಲ್ಲ. ಜನವರಿಯ ಒಂದು ಬೆಳಿಗ್ಗೆ ಅದರ ಗರಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಾಗ ನೆನಪಾಗುತ್ತದೆ. ಆದ್ದರಿಂದ ಈ ಸಲ ಅದರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದುಕೊಂಡೆವು.

ಮರಜರಿ ಎಂದರೆ ಮರದಂತೆ ಬೊಡ್ಡೆ ಎತ್ತಿ ಬೆಳೆಯುವ ಜರಿಗಿಡ. ನರ್ಸರಿಯವರು ಟ್ರೀ ಫರ್ನ್ ಎನ್ನುತ್ತಾರೆ. ಹೂವಿಲ್ಲ, ಕಾಯಿಲ್ಲ, ನೆತ್ತಿಯ ಮೇಲೆ ಕೊಡೆ ಬಿಚ್ಚಿದಂತೆ ಗರಿಗಳು, ನಡುವೆ ಮಕ್ಕಳ ಮುಷ್ಟಿಯಂತೆ ಸುತ್ತಿಕೊಂಡ ಎಳೆ ಸುರುಳಿಗಳು. ನಮ್ಮ ಬೆಟ್ಟಕ್ಕೆ ಇದು ಹೊಸಬವಲ್ಲ. ನೀಲಗಿರಿಯ ಹೆಸರನ್ನೇ ಹೊತ್ತ ಸಯಾಥಿಯ ನೀಲಗಿರೆನ್ಸಿಸ್ ಎಂಬ ಜಾತಿ ಶೋಲಾ ಕಾಡಿನ ತೊರೆಗಳ ಪಕ್ಕದಲ್ಲಿ ತಾನಾಗಿ ಬೆಳೆಯುತ್ತದೆ. ತೋಟಗಳಲ್ಲಿ ಆಸ್ಟ್ರೇಲಿಯಾದ ಜಾತಿಗಳನ್ನೂ ಬೆಳೆಸುತ್ತಾರೆ.

ಹಾಗಾದರೆ ಇಲ್ಲಿಯದೇ ಗಿಡಕ್ಕೆ ಇಲ್ಲಿಯ ಚಳಿ ಏಕೆ ತಡೆಯುವುದಿಲ್ಲ ಎಂದು ನೀವು ಕೇಳಬಹುದು. ಉತ್ತರ ಶೋಲಾ ಕಾಡಿನಲ್ಲೇ ಇದೆ. ಹಿಮ ಬೀಳುವುದು ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ. ಹಗಲು ಮಣ್ಣು ಕುಡಿದ ಬಿಸಿ ರಾತ್ರಿ ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ತಡೆಯುತ್ತದೆ. ಈಶಾನ್ಯ ಮಳೆಯ ಮೋಡ ಸರಿದ ಮೇಲೆಯೇ ಹಿಮದ ಕಾಟ ಜೋರಾಗುವುದು ಇದಕ್ಕೇ. ಶೋಲಾದೊಳಗೆ ದೊಡ್ಡ ಮರಗಳ ಎಲೆಗಳೇ ಮೋಡದ ಕೆಲಸ ಮಾಡುತ್ತವೆ. ಹೊರಗಿನ ಹುಲ್ಲುಗಾವಲು ಬೆಳ್ಳಗಾಗಿದ್ದರೂ ಕಾಡಿನೊಳಗೆ ನೆಲ ಹಸಿಯಾಗಿ, ಬೆಚ್ಚಗೆ ಇರುತ್ತದೆ. ನಾವು ಗಿಡವನ್ನು ಅಂಗಳದ ನಟ್ಟನಡುವೆ ಬಯಲಿನಲ್ಲಿ ನಿಲ್ಲಿಸುತ್ತೇವೆ. ಮೇಲೆ ಕೊಡೆಯಿಲ್ಲ, ಕೆಳಗೆ ಒಣ ಮಣ್ಣು. ಕಾಡು ಅದಕ್ಕೆ ಕೊಡುತ್ತಿದ್ದುದನ್ನು ಎರಡು ಮೂರು ತಿಂಗಳ ಮಟ್ಟಿಗೆ ನಾವೇ ಕೊಡಬೇಕು. ಹೆಚ್ಚಿನದೇನೂ ಬೇಡ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ತೆಂಗಿನ ಮರಕ್ಕೆ ಸುಳಿ ಹೇಗೋ ಮರಜರಿಗೂ ಹಾಗೆ. ಗರಿಗಳೆಲ್ಲ ಸುಟ್ಟುಹೋದರೂ ಸುಳಿ ಉಳಿದರೆ ಗಿಡ ಉಳಿಯಿತು. ಸುಳಿ ಸತ್ತರೆ, ಬೊಡ್ಡೆ ಎಷ್ಟೇ ದಪ್ಪವಿದ್ದರೂ ಸಾಮಾನ್ಯವಾಗಿ ಪಕ್ಕದಿಂದ ಚಿಗುರುವುದಿಲ್ಲ. ಆಸ್ಟ್ರೇಲಿಯಾದ ಡಿಕ್ಸೋನಿಯ ಅಂಟಾರ್ಕ್ಟಿಕ ಎಂಬ ಜಾತಿಯ ಬೊಡ್ಡೆ ವರ್ಷಕ್ಕೆ ಒಂದೆರಡು ಅಂಗುಲವಷ್ಟೇ ಏರುತ್ತದೆ. ಮೂರಡಿಯ ಬೊಡ್ಡೆ ಎಂದರೆ ಅಜ್ಜ ನೆಟ್ಟಿದ್ದನ್ನು ಮೊಮ್ಮಗ ನೋಡಿದ ಹಾಗೆ. ಅದು ಒಂದೇ ರಾತ್ರಿಯಲ್ಲಿ ಹೋಗಬಹುದು.

ನಿಮ್ಮಲ್ಲಿರುವುದು ಯಾವ ಜಾತಿಯೆಂದು ಬೊಡ್ಡೆ ನೋಡಿಯೇ ಸ್ವಲ್ಪ ತಿಳಿಯಬಹುದು. ಉದುರಿದ ಗರಿಗಳ ಗುರುತು ನಾಣ್ಯ ಒತ್ತಿದಂತೆ ನುಣುಪಾಗಿ ಕಾಣಿಸಿದರೆ ಅದು ಬಹುಶಃ ಸಯಾಥಿಯ ಕೂಪೆರಿ. ಬೇಗ ಬೆಳೆಯುತ್ತದೆ, ಚೆಂದವಾಗಿರುತ್ತದೆ, ಆದರೆ ಚಳಿಗೆ ಬಲು ಮೃದು; ಸ್ವಲ್ಪ ಹಿಮಕ್ಕೇ ಗರಿ ಕರಕಲಾಗುತ್ತದೆ. ಬೊಡ್ಡೆಯ ಸುತ್ತ ಕಂದು ಬೇರುಗಳು ಕಂಬಳಿಯಂತೆ ಹೆಣೆದುಕೊಂಡು, ಒಣಗರಿಗಳು ಉದುರದೆ ಲಂಗದಂತೆ ಜೋತಿದ್ದರೆ ಅದು ಡಿಕ್ಸೋನಿಯ ಇರಬಹುದು. ಅದು ಗಟ್ಟಿ ಜೀವ, ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುವುದುಂಟು. ಕೂನೂರಿನ ಕಡೆ ಮನೆಯುಳ್ಳವರಿಗೆ ಇಷ್ಟೆಲ್ಲ ಭಯವಿಲ್ಲ. ಊಟಿಯ ತಗ್ಗುಗಳಲ್ಲಿ ಇರುವವರು ಕೂಪೆರಿಯನ್ನು ಬಯಲಲ್ಲಿ ನೆಡದಿರುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಚಿಕ್ಕ ಗಿಡಗಳಿಗೇ ಅಪಾಯ ಹೆಚ್ಚು. ಇದಕ್ಕೆ ಎಳೆತನ ಒಂದೇ ಕಾರಣವಲ್ಲ. ತಣ್ಣನೆಯ ಗಾಳಿ ನೀರಿನಂತೆ ಭಾರವಾಗಿ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗೋಡೆಯ ಮೇಲಿನ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿರುವಾಗಲೇ ಹುಲ್ಲಿನ ಮೇಲೆ ಬಿಳಿ ಹಿಮ ಕಟ್ಟಿರಬಹುದು. ಆರಡಿ ಎತ್ತರದ ಮರಜರಿಯ ಸುಳಿ ಈ ತಣ್ಣನೆಯ ಪದರದಿಂದ ಮೇಲಿರುತ್ತದೆ, ಮೊಣಕಾಲೆತ್ತರದ ಗಿಡದ ಸುಳಿ ಅದರಲ್ಲೇ ಮುಳುಗಿರುತ್ತದೆ. ಆದ್ದರಿಂದ ಹೊಸದಾಗಿ ನೆಡುವವರು ಇಳಿಜಾರಿನ ತೀರ ಕೆಳಗಿನ ಮೂಲೆಯನ್ನು ಬಿಡಿ. ದೊಡ್ಡ ಮರದ ನೆರಳು ಅಥವಾ ಮನೆಯ ಚಾವಣಿಯ ಅಂಚು ಇರುವ ಕಡೆ ನೆಡಿ. ಬೆಳಗಿನ ಮೊದಲ ಬಿಸಿಲು ನೇರವಾಗಿ ತಾಗದಂತಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಹೆಪ್ಪುಗಟ್ಟಿದ ಗರಿ ಮೆಲ್ಲಗೆ ಕರಗಬೇಕು. ಕುಂಡದಲ್ಲಿರುವ ಗಿಡವನ್ನು ಸಂಜೆ ಜಗಲಿಗೆ ಎತ್ತಿಡಿ, ಅದಕ್ಕೆ ಬೇರೆ ಉಪಚಾರ ಬೇಡ.

ಇನ್ನು ಹೊದಿಕೆಯ ಮಾತು. ನವೆಂಬರ್ ಕೊನೆಗೆ ಒಣಹುಲ್ಲು ಅಥವಾ ಗುಡ್ಡದಲ್ಲಿ ಸಿಗುವ ಒಣಗಿದ ಜರಿಸೊಪ್ಪನ್ನು ಸುಳಿಯ ಮೇಲೆ ನಾಲ್ಕೈದು ಅಂಗುಲ ದಪ್ಪ ಸಡಿಲವಾಗಿ ಇಡಿ. ತುರುಕಬೇಡಿ, ಹುಲ್ಲಿನ ನಡುವಿನ ಗಾಳಿಯೇ ಬೆಚ್ಚಗಿಡುವುದು. ಸುತ್ತಲಿನ ಹಳೆಯ ಗರಿಗಳನ್ನು ಮುರಿಯದಂತೆ ಮೇಲಕ್ಕೆ ಕೂಡಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರೆ ಸುಳಿಗೆ ಇನ್ನೊಂದು ಮರೆಯಾಗುತ್ತದೆ. ಆಕಾಶ ನಿರ್ಮಲವಾಗಿ, ನಕ್ಷತ್ರಗಳು ಹೊಳೆಯುತ್ತಾ, ಗಾಳಿ ನಿಂತ ಸಂಜೆಯಾದರೆ ಕತ್ತಲಾಗುವ ಮುಂಚೆ ಮೂರು ಕೋಲು ನೆಟ್ಟು ಗೋಣಿತಾಟನ್ನೋ ಹಳೆಯ ಕಂಬಳಿಯನ್ನೋ ನೆಲ ಮುಟ್ಟುವಂತೆ ಇಳಿಬಿಡಿ. ಹೊದಿಕೆ ಬಿಸಿಯನ್ನು ಹುಟ್ಟಿಸುವುದಿಲ್ಲ, ನೆಲದಿಂದ ಏಳುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಬೊಡ್ಡೆಗೆ ಮಾತ್ರ ಸುತ್ತಿ ಮೇಲೆ ಕಟ್ಟಿದರೆ ಆ ಬಿಸಿ ಒಳಗೆ ಬರುವ ದಾರಿಯೇ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಬೇಡ. ಅದು ತಾಗಿದ ಕಡೆಯೆಲ್ಲ ಗರಿ ಸುಡುತ್ತದೆ, ಒಳಗೆ ಬೆವರು ಕಟ್ಟುತ್ತದೆ.

ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕ ನೋಡಿ ಗಿಡಕ್ಕೆ ಚಳಿಗಾಲ ಪೂರ್ತಿ ಸುತ್ತಿಟ್ಟುಬಿಡುವವರಿಗೆ ಒಂದು ಮಾತು. ಅಲ್ಲಿಯ ಚಳಿ ಹಗಲೂ ಇರುತ್ತದೆ. ನಮ್ಮಲ್ಲಿ ರಾತ್ರಿ ಸೊನ್ನೆಯ ಹತ್ತಿರ, ಮಧ್ಯಾಹ್ನ 20 ಡಿಗ್ರಿಯ ಚುರುಕು ಬಿಸಿಲು. ಬಿಗಿಯಾಗಿ ಸುತ್ತಿದ ಗಿಡ ಒಳಗೇ ಬೆಂದು ಕೊಳೆಯುತ್ತದೆ. ಸಂಜೆ ಹೊದಿಸಿ, ಬೆಳಿಗ್ಗೆ ಹಿಮ ಕರಗಿದ ಮೇಲೆ ತೆಗೆಯುವುದು ನಮ್ಮ ಬೆಟ್ಟದ ಪದ್ಧತಿಯಾಗಬೇಕು. ಸುಳಿಯ ಹುಲ್ಲನ್ನು ವಾರಕ್ಕೊಮ್ಮೆ ಎತ್ತಿ ನೋಡಿ, ಒದ್ದೆಯಾಗಿದ್ದರೆ ಬದಲಿಸಿ.

ನೀರಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಚಳಿ ಎಂದು ನೀರು ನಿಲ್ಲಿಸಬೇಡಿ. ಜನವರಿ ನಮಗೆ ಒಣ ತಿಂಗಳು, ಹಸಿ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಡುತ್ತದೆ. ಬೊಡ್ಡೆಯ ಮೇಲಿನ ಕಂದು ನಾರೆಲ್ಲ ಬೇರೇ ಆದ್ದರಿಂದ ಅದಕ್ಕೂ ನೀರು ಬೇಕು. ಹತ್ತು ಗಂಟೆಯ ನಂತರ ಬುಡಕ್ಕೂ ಬೊಡ್ಡೆಗೂ ಹಾಕಿ, ಸಂಜೆಯೊಳಗೆ ಮೇಲ್ಮೈ ಆರಿರಲಿ, ಸುಳಿಯೊಳಗೆ ಸುರಿಯಬೇಡಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ನೀರು ಚಿಮುಕಿಸಿ ಹಿಮ ತೊಳೆಯುವುದು ಊಟಿಯ ತೋಟಗಾರರ ರೂಢಿ. ಹುಲ್ಲುಹಾಸಿಗೆ, ಹೂಗಿಡಕ್ಕೆ ಸರಿ. ಮರಜರಿಯಲ್ಲಿ ಗರಿಗಳಿಗಷ್ಟೇ ಸಾಕು. ಅಕ್ಟೋಬರ್ ನಂತರ ಯೂರಿಯಾ ಬೇಡ, ಎಳೆ ಸುರುಳಿ ಎದ್ದರೆ ಮೊದಲು ಸಾಯುವುದು ಅದೇ.

ಕ್ರಿಸ್ಮಸ್ ಗೋದಲಿಗೆ ಹಸಿರು ಬೇಕೆಂದು ಮಕ್ಕಳು ಮರಜರಿಯ ಗರಿ ಕೊಯ್ಯಲು ಬರುವುದೂ ಇದೇ ಹೊತ್ತಿನಲ್ಲಿ. ಆ ಗರಿಗಳು ಸುಳಿಯ ಚಾವಣಿ. ಸಿಲ್ವರ್ ಓಕ್ ಸೊಪ್ಪೋ, ಸೈಪ್ರೆಸ್ ರೆಂಬೆಯೋ ಕೊಟ್ಟು ಕಳಿಸಿ. ಶೋಲಾದಿಂದ ಮರಜರಿಯನ್ನು ಕಿತ್ತು ತರುವುದಂತೂ ಕೂಡದು. ಅದು ಅರಣ್ಯ ಕಾನೂನಿಗೆ ವಿರುದ್ಧ. ತಂದದ್ದು ಬದುಕುವುದೂ ಅಪರೂಪ.

ಗಿಡ ಮುಟ್ಟುವಾಗ ಉದ್ದತೋಳಿನ ಅಂಗಿ, ಕೈಗವಸು ಇರಲಿ. ಗರಿಯ ದಂಟಿನ ಕಂದು ರೋಮ ಚರ್ಮಕ್ಕೆ, ಕಣ್ಣಿಗೆ ತುರಿಕೆ ತರುತ್ತದೆ. ಒಣಗರಿ ಕತ್ತರಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಚಳಿ ಹೆಚ್ಚಾದ ರಾತ್ರಿ ಗಿಡದ ಪಕ್ಕ ಕೆಂಡದ ಬಾಣಲೆ ಇಡುವವರೂ ಉಂಟು. ಬಯಲಲ್ಲಿ ಅದರ ಬಿಸಿ ಮೇಲಕ್ಕೆ ಹೋಗುತ್ತದೆ, ಗಿಡಕ್ಕೆ ದಕ್ಕುವುದು ಅಲ್ಪ. ನಮ್ಮ ಚಿಂತೆ ಬೇರೆ. ಉಳಿದ ಕೆಂಡ ಹಾಳಾಗಬಾರದೆಂದು ಅದನ್ನು ಮಲಗುವ ಕೋಣೆಗೆ ತಂದು ಕಿಟಕಿ ಬಾಗಿಲು ಮುಚ್ಚಿ ಮಲಗುತ್ತಾರೆ. ಇದ್ದಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ, ಮಲಗಿದವರನ್ನು ಎಚ್ಚರವಾಗದಂತೆಯೇ ಕೊಲ್ಲುತ್ತದೆ. ಬೆಟ್ಟದ ಊರುಗಳಲ್ಲಿ ಹೀಗೆ ಜೀವ ಕಳೆದುಕೊಂಡವರಿದ್ದಾರೆ. ತಲೆನೋವು, ವಾಕರಿಕೆ, ಮಂಪರು ಒಟ್ಟಿಗೆ ಕಂಡರೆ ತಕ್ಷಣ ಎಲ್ಲರನ್ನೂ ಹೊರಗೆ ಗಾಳಿಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಕೆಂಡಕ್ಕೆ ಅಂಗಳದಲ್ಲೇ ನೀರು ಹಾಕಿ ಒಳಗೆ ಬನ್ನಿ. ಚಳಿಗೆ ಇನ್ನೊಂದು ಕಂಬಳಿ ಹೊದ್ದರಾಯಿತು.

ಎಲ್ಲ ಮಾಡಿದರೂ ಗರಿ ಸುಟ್ಟಿತೆನ್ನಿ. ಆ ಕರಿ ಗರಿಗಳನ್ನು ಆಗಲೇ ಕತ್ತರಿಸಬೇಡಿ, ಇನ್ನೊಂದು ಹಿಮದ ರಾತ್ರಿ ಬಂದರೆ ಅವೇ ಸುಳಿಯ ಹೊದಿಕೆ. ಫೆಬ್ರವರಿ ಮುಗಿದ ಮೇಲೆ ಹುಲ್ಲು ತೆಗೆದು, ಸುಳಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಸುರುಳಿಗಳು ಗಟ್ಟಿಯಾಗಿದ್ದರೆ ಜೀವವಿದೆ. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಆಸೆ ಕಡಿಮೆ. ಸಂದೇಹವಿದ್ದರೆ ಅಗೆಯಬೇಡಿ, ಬೊಡ್ಡೆಗೆ ನೀರು ಹಾಕುತ್ತಾ ಜೂನ್ ಮಳೆಯವರೆಗೆ ಕಾಯಿರಿ. ತಡವಾಗಿ ಸುರುಳಿ ಬಿಚ್ಚುವ ಗಿಡಗಳೂ ಇವೆ.